ಹೊಸ್ತಿಲಿಗೆ ಯಾವ ಬಣ್ಣ

ಮೊನ್ನೆ ಪುಸ್ತಕದ ಬೀರು ಒರೆಸುತ್ತಿದ್ದೆ. ಏಳನೇ ತರಗತಿಯ ಹಳೆಯ ವಿಜ್ಞಾನ ಪುಸ್ತಕದೊಳಗಿಂದ ರಟ್ಟಿನಂಥ ಒಂದು ಕಾಗದ ಜಾರಿ ಕಾಲ ಮೇಲೆ ಬಿತ್ತು. ಮರಕ್ಕೆ ಬಳಿಯುವ ಬಣ್ಣದ ಶೇಡ್ ಕಾರ್ಡು. ಕಂದು ಬಣ್ಣದ ಆರು ಚೌಕಗಳು, ಒಂದೊಂದರ ಕೆಳಗೂ ಒಂದೊಂದು ಇಂಗ್ಲಿಷ್ ಮರದ ಹೆಸರು. ನಾಲ್ಕನೇ ಚೌಕದ ಮೇಲೆ ಒಂದು ಹೆಬ್ಬೆಟ್ಟಿನ ಗುರುತು. ಅದು ನನ್ನದೇ. ನೋಡುತ್ತಲೇ ಹಾವು ಕಂಡವನ ಹಾಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

ನೀವು ನಗುತ್ತೀರಿ, ಗೊತ್ತು. ಅಡುಗೆಮನೆಯಿಂದ ಇಣುಕಿದ ನನ್ನ ಹೆಂಡತಿ ಜಯಂತಿಯೂ ನಕ್ಕಳು. ಆದರೆ ಅದು ಯಾವ ಕಾರ್ಡು ಎಂದು ಗುರುತು ಹತ್ತಿದ ಮೇಲೆ ಅವಳೂ ನಗು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಆ ಕಾರ್ಡು ಪುಸ್ತಕದ ಯಾವ ಪಾಠದಲ್ಲಿ ಕೂತಿತ್ತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಕೊನೆಗೆ ಹೇಳಿದರೂ ಉಳಿಯುವುದಿಲ್ಲ, ಅಷ್ಟರ ತನಕವಾದರೂ ಇರಲಿ ಎಂದು.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷಗಳಾಗಿದ್ದ ಕಾಲ. ನಾನು ಬೇಗೂರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಗುಂಡ್ಲುಪೇಟೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ. ಬಾಗಿಲು ಪಡುವಣಕ್ಕೆ. ಅಂದರೆ ಮಧ್ಯಾಹ್ನದ ಮೇಲಿನ ಬಿಸಿಲೂ ಅದಕ್ಕೇ, ಮುಂಗಾರಿನ ಎರಚಲೂ ಅದಕ್ಕೇ. ಮುಂದೆ ಸಣ್ಣ ಜಗಲಿ, ಜಗಲಿಗೆ ಎರಡು ಮರದ ಕಂಬ. ಒಂದು ಭಾನುವಾರ ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದವನು ಏನೋ ಬೇಸರಕ್ಕೆ ಕಂಬದ ಬುಡವನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಬೆಂದ ಗೆಣಸಿಗೆ ಹೋಗುವ ಹಾಗೆ, ಗೆಣ್ಣಿನ ತನಕ. ಹೌಹಾರಿ ಎದ್ದು ನಿಂತೆ. ಅಷ್ಟು ವರ್ಷ ನಾನು ಒರಗಿ ಕೂತದ್ದು ಕಂಬಕ್ಕಲ್ಲ, ಕಂಬದ ಸಿಪ್ಪೆಗೆ ಎಂದು ಆಗ ತಿಳಿಯಿತು.

ಅಪ್ಪ ಇದ್ದಾಗ ಹೀಗಾಗಲು ಬಿಡುತ್ತಿರಲಿಲ್ಲ. ಅಪ್ಪ ಲಾರಿ ಡ್ರೈವರು. ಊಟಿಗೂ ಕೇರಳಕ್ಕೂ ತರಕಾರಿ ಹೊಡೆಯುತ್ತಿದ್ದ. ಪ್ರತಿ ಯುಗಾದಿಗೆ ಮುಂಚೆ ಗ್ಯಾರೇಜಿನಿಂದ ಒಂದು ಡಬ್ಬಿ ವೇಸ್ಟ್ ಆಯಿಲ್ ತಂದು, ಗೋಣಿಚೀಲದ ತುಂಡನ್ನು ನನಗೂ ತಂಗಿ ರತ್ನನಿಗೂ ಕೊಟ್ಟು, ‘ಬಳೀರ್ಲಾ’ ಎನ್ನುತ್ತಿದ್ದ. ಕಂಬ, ಬಾಗಿಲು, ಕಿಟಕಿ ಎಲ್ಲಕ್ಕೂ ಅದೇ ಅಭ್ಯಂಜನ. ಗೆದ್ದಲು ನಮ್ಮ ಮನೆಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಒಂದೇ ತೊಂದರೆ ಎಂದರೆ ಆ ಎಣ್ಣೆ ತಿಂಗಳುಗಟ್ಟಲೆ ಒಣಗುತ್ತಿರಲಿಲ್ಲ. ನನ್ನ ಸೋದರಮಾವ ಒಮ್ಮೆ ಹೊಸ ಬಿಳಿ ಜುಬ್ಬ ತೊಟ್ಟು ಚಾಮರಾಜನಗರಕ್ಕೆ ಹೆಣ್ಣು ನೋಡಲು ಹೊರಟವನು ನಮ್ಮ ಮನೆಯಲ್ಲಿ ಕಾಫಿಗೆ ನಿಂತ. ಕಂಬಕ್ಕೆ ಒರಗಿಯೇ ಕುಡಿದ. ಅಲ್ಲಿ ಹೋಗಿ ಉಪ್ಪಿಟ್ಟು ತಿಂದು, ಮಾತಾಡಿ, ಎಲ್ಲರಿಗೂ ಒಪ್ಪಿಗೆಯಾಗಿ, ಹೊರಡಲು ತಿರುಗಿದಾಗ ಹೆಣ್ಣಿನ ಮನೆಯವರೆಲ್ಲ ಅವನ ಬೆನ್ನ ಮೇಲೆ ಕತ್ತಿನಿಂದ ಸೊಂಟದ ತನಕ ಕರಿ ಪಟ್ಟೆ ನೋಡಿ ಕಕ್ಕಾಬಿಕ್ಕಿಯಾದರಂತೆ. ಮದುವೆಯೇನೋ ಆಯಿತು. ನಮ್ಮತ್ತೆ ಮಾತ್ರ ಇವತ್ತಿಗೂ ಸಿಟ್ಟು ಬಂದಾಗ ಆ ಪಟ್ಟೆಯಿಂದಲೇ ಶುರು ಮಾಡುತ್ತಾಳೆ.

ಕೊನೆಕೊನೆಗೆ ಅಪ್ಪ ಲಾರಿಯ ಮೈಗೆ ಬಳಿದು ಉಳಿದ ಹಸಿರು ಬಣ್ಣ ತಂದು ಬಾಗಿಲಿಗೂ ಕಂಬಕ್ಕೂ ಬಳಿದ. ನಮ್ಮ ಮನೆಗೂ ಲಾರಿಗೂ ಒಂದೇ ಬಣ್ಣವಾಯಿತು. ಬಾಗಿಲ ಮೇಲೆ ‘ಹಾರನ್ ಮಾಡಿ’ ಎಂದು ಬರೆಯುವುದೊಂದು ಬಾಕಿ ಇತ್ತು.

ಅಪ್ಪನ ಗೋಣಿಯಾಗಲಿ ಬ್ರಷ್ಷಾಗಲಿ ಒಮ್ಮೆಯೂ ಮುಟ್ಟದೆ ಬಿಟ್ಟದ್ದು ಹೊಸ್ತಿಲನ್ನು. ಅದು ಅವ್ವನದು. ದಿನಾ ಬೆಳಿಗ್ಗೆ ಅವ್ವ ಹೊಸ್ತಿಲು ತೊಳೆದು, ಅರಿಶಿನ ತೇಯ್ದು ಬಳಿದು, ಮೂರು ಕಡೆ ಕುಂಕುಮವಿಟ್ಟು ಮೇಲೇಳುವಳು. ಆ ಕಾಲಕ್ಕಾಗಲೇ ಬೀದಿಯ ಉಳಿದ ಮನೆಗಳವರು ಜಾಣರಾಗಿದ್ದರು. ಹೊಸ್ತಿಲಿಗೆ ಹಳದಿ ಪೇಂಟು ಹೊಡೆಸಿ, ಮೇಲೆ ಕೆಂಪು ಪೇಂಟಿನಲ್ಲೇ ಕುಂಕುಮದ ಬೊಟ್ಟು ಬಿಡಿಸಿ, ವರ್ಷಕ್ಕೆ ಒಂದು ಸಲ ನೋಡಿದರೆ ಸಾಕು ಎಂದು ಕೂತಿದ್ದರು. ಜಯಂತಿ ಒಮ್ಮೆ ಮೆಲ್ಲಗೆ ಆ ಮಾತು ತೆಗೆದಾಗ ಅವ್ವನಿಗೆ ಆದ ಗಾಬರಿ ಅಷ್ಟಿಷ್ಟಲ್ಲ.

“ಲಕ್ಷ್ಮಿಗೆ ಪೇಂಟು ತೋರ್ಸಿ ಅರಿಶಿಣ ಅನ್ನದಾ? ನಾನಿರಗಂಟ ಆಗಾಕಿಲ್ಲ ಕಣಮ್ಮಿ.”

ಕಂಬದೊಳಗೆ ಬೆರಳು ಹೋಗುವುದಕ್ಕೆ ಎರಡು ವರ್ಷ ಮುಂಚೆ ಒಂದು ಸಂಗತಿ ನಡೆದಿತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು. ರತ್ನನನ್ನು ಕುದೇರಿಗೆ ಕೊಟ್ಟಿದ್ದೆವು. ಅವಳ ಗಂಡ ಮಾದೇಶ ಒಳ್ಳೆಯ ಬೇಸಾಯಗಾರ, ಮಾತು ಕಡಿಮೆ. ಮೊದಲ ಹೆರಿಗೆಯಲ್ಲಿ ಗಂಡುಮಗು ಹುಟ್ಟಿತು. ತಿಂಗಳು ತುಂಬಿರಲಿಲ್ಲ. ಒಂಬತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಹತ್ತನೇ ದಿನ ಕಳಿಸುತ್ತೇವೆ ಎಂದಿದ್ದರು. ಅವ್ವ ತೊಟ್ಟಿಲು ತೊಳೆದಿಟ್ಟು, ಆರತಿ ತಟ್ಟೆ ಬೆಳಗಿಟ್ಟು ಜಗಲಿಯಲ್ಲಿ ಕಾದು ಕೂತಿದ್ದಳು. ಮಗು ಬರಲಿಲ್ಲ. ಸಂಜೆ ರತ್ನ ಬರಿಗೈಯಲ್ಲಿ ಬಂದಳು. ಅವ್ವ ಆರತಿ ಎತ್ತಲಿಲ್ಲ, ಎತ್ತುವುದು ಹೇಗೆ? ರತ್ನ ತಲೆ ತಗ್ಗಿಸಿಕೊಂಡು ಹೊಸ್ತಿಲು ದಾಟಿ ನೇರ ನಡುಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಂದಿನಿಂದ ಮನೆಯಲ್ಲಿ ಯಾರೂ ಆ ಮಗುವಿನ ಮಾತು ಎತ್ತಲಿಲ್ಲ. ಅವ್ವ ಮಾತ್ರ ಬೆಳಿಗ್ಗೆ ಒಂದು ಸಲ ಬಳಿಯುತ್ತಿದ್ದ ಅರಿಶಿನವನ್ನು ಸಂಜೆಯೂ ಬಳಿಯತೊಡಗಿದಳು. ಕೈ ಬಲ ಹಾಕಿ, ಮರಕ್ಕೆ ಇಳಿಯುವ ಹಾಗೆ ತಿಕ್ಕುತ್ತಿದ್ದಳು.

ಈಗ ರತ್ನ ಮತ್ತೆ ಬಸುರಿಯಾಗಿದ್ದಳು. ಬಾಣಂತನಕ್ಕೆ ನಮ್ಮಲ್ಲಿಗೇ ಬರುವವಳು. ಈ ಸಲ ಮಗು ಬರುವ ಹೊತ್ತಿಗೆ ಬಾಗಿಲು ಹೊಸದಾಗಿರಬೇಕು ಎಂಬ ಹಟ ನನಗೆ ಹಿಡಿಯಿತು. ಕಂಬದೊಳಗೆ ಹೋದ ಹೆಬ್ಬೆರಳು ಅದಕ್ಕೊಂದು ನೆಪವಾಯಿತು.

ಹೆದ್ದಾರಿಯ ಪಕ್ಕದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮಲಯಾಳಿಯೊಬ್ಬರಿದ್ದರು. ಊರಿಗೆಲ್ಲ ಅವರು ಚೇಟ. ಬಾಗಿಲಿಗೆ ಒಂದು ಡಬ್ಬಿ ವಾರ್ನಿಶ್ ಕೊಡಿ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಬಾಗ್ಲು ಒಳಗಿಂದಾ ಹೊರಗಿಂದಾ ಸಾರ್?”

“ಹೊರಗಿಂದು. ಬಿಸ್ಲು ಮಳೆ ಎರಡೂ ಬೀಳ್ತದೆ.”

“ಹಂಗಾದ್ರೆ ವಾರ್ನಿಶು ಬೇಡ. ವಾರ್ನಿಶು ಮರದ ಮೇಲೆ ಕೂತ್ಕೊಳ್ತದೆ. ಒಂದು ಬೇಸಿಗೆ ಹೋದ್ರೆ ಸಿಪ್ಪೆ ಎದ್ದು ಬರ್ತದೆ. ಸ್ಟೇನು ತಗೊಳ್ಳಿ. ಅದು ಮರದ ಒಳಗೆ ಹೋಗ್ತದೆ. ಒಳಗೆ ಹೋಗಿದ್ದು ಎಲ್ಲಿಗೆ ಹೋಗ್ತದೆ ಸಾರ್? ಅಲ್ಲೇ ಇರ್ತದೆ.” ಡ್ರಾಯರಿನಿಂದ ಈ ಶೇಡ್ ಕಾರ್ಡು ತೆಗೆದು ನನ್ನ ಮುಂದಿಟ್ಟರು. “ಆದ್ರೆ ಒಂದು ಮಾತು. ಮರ ಕುಡೀಬೇಕು. ಕುಡೀಬೇಕು ಅಂದ್ರೆ ಹಳೇ ಬಣ್ಣ ಎಲ್ಲಾ ಪೂರಾ ತೆಗೀಬೇಕು.”

ವಿಜ್ಞಾನದ ಮೇಷ್ಟ್ರಿಗೆ ಇಷ್ಟು ಸಾಕಲ್ಲ. ಬಡಗಿಯ ಹತ್ತಿರ ಮೂರು ತುಂಡು ಮರ ತಂದು, ಮೂರಕ್ಕೂ ಮೂರು ಬಗೆಯ ಸ್ಟೇನು ಬಳಿದು, ತಾರಸಿಯ ಮೇಲಿಟ್ಟೆ. ಮಳೆ, ಬಿಸಿಲು, ಮಂಜು ಎಲ್ಲ ಬಿದ್ದ ಮೇಲೆ ಯಾವುದು ನಿಲ್ಲುತ್ತದೋ ಅದೇ ನಮ್ಮ ಬಾಗಿಲಿಗೆ. ನೋಟ್‌ಬುಕ್ಕಿನಲ್ಲಿ ವಾರವಾರ ಬರೆದುಕೊಂಡೆ. ಎರಡನೇ ತಿಂಗಳು ತಾರಸಿಗೆ ಹೋಗಿ ನೋಡಿದರೆ ಮರದ ತುಂಡುಗಳೇ ಇಲ್ಲ. ಕೆಳಗೆ ಬಂದು ಕೇಳಿದರೆ ಅವ್ವ ಬಚ್ಚಲ ಹಂಡೆಯ ಒಲೆಯನ್ನು ತೋರಿಸಿದಳು.

“ಪುಳ್ಳೆ ಅಂದ್ಕೊಂಡೆ ಕಣಪ್ಪ. ಎಣ್ಣೆ ಗಿಣ್ಣೆ ಏನ್ ಬಳ್ದಿದ್ಯೋ, ಒಂದೇ ಕಡ್ಡೀಲಿ ಅತ್ಕೊಂಡು ಬಲೇ ಸಂದಾಗಿ ಉರೀತು.”

ಹೀಗೆ ನನ್ನ ಪ್ರಯೋಗದಿಂದ ಹೊರಬಂದ ಫಲಿತಾಂಶವೆಂದರೆ ಒಂದು ಹಂಡೆ ಬಿಸಿನೀರು. ಮತ್ತೆ ಎಲ್ಲರ ಅಭಿಪ್ರಾಯ ಕೇಳುವುದೇ ಗತಿಯಾಯಿತು. ಪುಣಜನೂರಿನ ಕಡೆಯವರಾದ ನಮ್ಮ ಕನ್ನಡ ಮೇಷ್ಟ್ರು ಹೊಂಗೆ ಎಣ್ಣೆಯ ಮುಂದೆ ಯಾವುದೂ ಇಲ್ಲ ಎಂದರು. ಜಯಂತಿ ಕಾರ್ಡಿನ ನಾಲ್ಕನೇ ಚೌಕದ ಮೇಲೆ ಬೆರಳಿಟ್ಟಳು. ನನಗೆ ಐದನೆಯದು ಇಷ್ಟ. ಹದಿನೈದು ದಿನ ನಾಲ್ಕೋ ಐದೋ ಎಂದು ಊಟದ ಹೊತ್ತಿನಲ್ಲೆಲ್ಲ ವಾದವಾಯಿತು. ಕೊನೆಗೆ ಅವ್ವನ ಮುಂದೆ ಕಾರ್ಡು ಹಿಡಿದೆವು. ಅವಳು ಬೆಳಕಿಗೆ ಹಿಡಿದು ನೋಡಿ, “ಇದು ಕಾಫಿ ಡಿಕಾಕ್ಸನ್ನು, ಇದು ನೆನ್ನೆ ಡಿಕಾಕ್ಸನ್ನು” ಎಂದು ವಾಪಸ್ ಕೊಟ್ಟಳು. ಜಯಂತಿ ಗೆದ್ದಳು. ನಾಲ್ಕನೇ ಚೌಕದ ಡಬ್ಬಿ ಮನೆಗೆ ಬಂತು.

ಡಬ್ಬಿ ಬಂದರೂ ಕೆಲಸ ಶುರುವಾಗಲಿಲ್ಲ. ಮನೆಮಗಳು ಬಸುರಿ ಇರುವಾಗ ಬಾಗಿಲಿಗೆ ಉಳಿ ಬ್ರಷ್ಷು ಮುಟ್ಟಿಸಬಾರದು ಎಂದು ಅವ್ವ ಅಡ್ಡ ನಿಂತಳು. ಹೆರಿಗೆಯಾಗಿ, ಆಸ್ಪತ್ರೆಯಿಂದ ಬರುವಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡಿಕೋ ಎಂದಳು. ಶುಕ್ರವಾರ ಸಂಜೆ ಚಾಮರಾಜನಗರದಿಂದ ಜಯಂತಿ ಫೋನ್ ಮಾಡಿದಳು. ಹೆಣ್ಣುಮಗು, ಆಪರೇಷನ್ ಆಯಿತು, ಇಬ್ಬರೂ ಚೆನ್ನಾಗಿದ್ದಾರೆ, ಗುರುವಾರ ಮನೆಗೆ ಕಳಿಸುತ್ತಾರೆ. ಶನಿವಾರ ಬೆಳಿಗ್ಗೆಯೇ ನಾನು ಗಫಾರ್ ಸಾಬರನ್ನು ಕರೆದುಕೊಂಡು ಬಂದೆ.

ಗಫಾರ್ ಸಾಬರು ಗುಂಡ್ಲುಪೇಟೆಯಲ್ಲಿ ಮರಕ್ಕೆ ಪಾಲಿಷ್ ಮಾಡುವುದರಲ್ಲಿ ಹೆಸರಾದವರು. ಸಣಕಲು ಮೈ, ಬಿಳಿ ಗಡ್ಡ, ಸದಾ ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಾಸ್ಟಿಕ್ ಸೋಡಾ ಕಲಸಿ, ತೆಂಗಿನ ನಾರಿನಿಂದ ಬಾಗಿಲಿಗೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ತಗಡಿನ ತುಂಡಿನಿಂದ ಕೆರೆದರೆ, ಅಪ್ಪನ ಲಾರಿ ಬಣ್ಣ ಹಸಿರು ಕೆನೆಯ ಹಾಗೆ ಸುರುಳಿ ಸುತ್ತಿ ಬಂತು. ಒಳಗಿನಿಂದ ಮರ ಕಂಡಿತು. ನಾನು ಹುಟ್ಟಿದ ಮೇಲೆ ಆ ಮರವನ್ನು ನೋಡಿದ್ದು ಅದೇ ಮೊದಲು. ಸಾಬರು ಹೋಗಿ ಬರುವಾಗಲೆಲ್ಲ ಹೊಸ್ತಿಲನ್ನು ತುಳಿಯದೆ, ಕಾಲೆತ್ತಿ ದಾಟುತ್ತಿದ್ದರು. ಅವ್ವ ಅದನ್ನು ನೋಡಿ ಮೆಚ್ಚಿ ಅವರಿಗೆ ಎರಡು ಸಲ ಕಾಫಿ ಕೊಟ್ಟಳು.

ಸೋಮವಾರ ಮಳೆ ಬಂದು ಕೆಲಸ ನಿಂತಿತು. ಮಂಗಳವಾರ ಹೊಸ್ತಿಲು ಮುಟ್ಟಬಾರದೆಂದು ಅವ್ವ ಬಿಡಲಿಲ್ಲ, ಬಡಗಿಯನ್ನು ಕರೆಸಿ ಟೊಳ್ಳು ಬುಡಕ್ಕೆ ಹೊಸ ಮರ ಕೂಡಿಸಿ ಕಂಬಗಳ ಕೆಲಸ ಮುಗಿಸಿದೆವು. ಬುಧವಾರ ಉಳಿದದ್ದು ಹೊಸ್ತಿಲೊಂದೇ.

“ಅದ್ನ ಬುಟ್ಬುಡ್ಲಾ. ಅದ್ಕೆ ಅರಿಶಿಣನೇ ಸಾಕು,” ಅವ್ವ ಹೇಳಿದಳು.

“ಬಾಗ್ಲೊಂದು ಬಣ್ಣ, ಹೊಸ್ತ್ಲೊಂದು ಬಣ್ಣ ಆದ್ರೆ ಚೆನ್ನಾಗಿರಲ್ಲ ಕಣವ್ವ. ಸ್ಟೇನ್ ಮೇಲೆ ನೀನು ಅರಿಶಿಣ ಹಚ್ಕೊ, ಯಾರ್ ಬೇಡ ಅಂತಾರೆ?”

ಅವ್ವ ಎದ್ದು ಒಳಗೆ ಹೋದಳು. ಸಾಬರಿಗೂ ಮನಸ್ಸಿರಲಿಲ್ಲ. ಬಗ್ಗಿ ಉಗುರಿನಿಂದ ಕೆರೆದು ನೋಡಿದರು. “ಮೇಷ್ಟ್ರೇ, ಬೇರೆ ಮನೇಲಿ ಹೊಸ್ತ್ಲು ಅಂದ್ರೆ ಪೇಂಟ್ ಇರ್ತದೆ, ಸೋಡಾ ಹಾಕಿದ್ರೆ ಬರ್ತದೆ. ಇದ್ರಲ್ಲಿ ಪೇಂಟೇ ಇಲ್ಲ. ಬರೀ ನೀರಲ್ಲಿ ಉಜ್ಜಿ ನೋಡಾನಾ?”

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಜಯಂತಿ. ಡಾಕ್ಟರು ಇವತ್ತೇ ಕಳಿಸುತ್ತಿದ್ದಾರೆ, ಮಾದೇಶ ಕಾರು ತಂದಿದ್ದಾನೆ, ಇಗೋ ಹೊರಟೆವು. ಚಾಮರಾಜನಗರದಿಂದ ನಮ್ಮೂರಿಗೆ ನಿಧಾನವಾಗಿ ಬಂದರೂ ಒಂದು ಗಂಟೆ. ನನಗೆ ತಲೆ ಕೆಟ್ಟಿತು. ಹೊರಗೆ ಓಡಿಬಂದು, “ನೀರು ಗೀರು ಬೇಡ ಸಾಬ್ರೇ, ಸೋಡಾನೇ ಹಾಕಿ, ಗಟ್ಟಿಯಾಗೇ ಹಾಕಿ, ಬೇಗ ಮುಗೀಲಿ” ಎಂದೆ. ಈ ಮಾತನ್ನು ಹೇಳಿದ್ದು ನಾನೇ. ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ.

ಸಾಬರು ಸೋಡಾದ ನೀರಲ್ಲಿ ನಾರು ಅದ್ದಿ ಹೊಸ್ತಿಲ ಮೇಲೆ ಒಂದು ಎಳೆ ಎಳೆದರು. ಮರ ಕಪ್ಪಾಯಿತು. ಒದ್ದೆಯಾದರೆ ಮರ ಕಪ್ಪಾಗುವುದು ಸಹಜ. ಆಮೇಲೆ ಆ ಕಪ್ಪಿನೊಳಗಿಂದ ಕೆಂಪು ಎದ್ದಿತು. ಮೊದಲು ಗೆರೆಗೆರೆಯಾಗಿ, ಮರದ ನಾರಿನ ಗುಂಟ. ನೋಡನೋಡುತ್ತಿದ್ದ ಹಾಗೆ ಹೊಸ್ತಿಲಿನ ಈ ತುದಿಯಿಂದ ಆ ತುದಿಯ ತನಕ ಕೆಂಪಾಯಿತು. ನೊರೆ ಕೆಂಪು. ಬಿರುಕುಗಳಿಂದ ಜಿನುಗಿದ್ದು ಕೆಂಪು. ಸಾಬರು ಗಾಬರಿಯಿಂದ ಒಂದು ಚೆಂಬು ನೀರು ಸುರಿದರು. ಅದೂ ಕೆಂಪಾಗಿ ಮೊದಲ ಮೆಟ್ಟಿಲಿಗೆ ಇಳಿದು, ಅಲ್ಲಿಂದ ಎರಡನೇ ಮೆಟ್ಟಿಲಿಗೆ ಇಳಿದು, ಅವ್ವ ಬೆಳಿಗ್ಗೆ ಬಿಟ್ಟಿದ್ದ ರಂಗೋಲಿಯ ಮೇಲೆ ಹರಿಯಿತು.

“ಯಾ ಅಲ್ಲಾ,” ಎಂದು ಸಾಬರು ಕೈಯಲ್ಲಿದ್ದ ನಾರು ಬಿಟ್ಟರು.

ಆಘಾತವಾದಾಗ ಮನುಷ್ಯ ಏನು ಮಾಡುತ್ತಾನೆ ಎಂದು ಹೇಳಲಾಗದು. ಕಿರುಚುವವರಿದ್ದಾರೆ, ಕುಸಿಯುವವರಿದ್ದಾರೆ. ನಾನು ಏನು ಮಾಡಿದೆ ಗೊತ್ತೇ? ಬಗ್ಗಿ ಹೆಬ್ಬೆರಳಿನಿಂದ ಆ ಕೆಂಪನ್ನು ಮುಟ್ಟಿದೆ. ಜೇಬಿನಿಂದ ಶೇಡ್ ಕಾರ್ಡು ತೆಗೆದೆ. ಆ ಬಣ್ಣ ಯಾವ ಚೌಕಕ್ಕೆ ಹೊಂದುತ್ತದೆ ಎಂದು ನೋಡಲು ಬೆರಳನ್ನು ನಾಲ್ಕನೆಯದರ ಮೇಲಿಟ್ಟೆ. ಹೊಂದಲಿಲ್ಲ. ಬಿ.ಎಸ್ಸಿ. ಓದಿ, ಹನ್ನೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ಬುದ್ಧಿ ಆ ಗಳಿಗೆಯಲ್ಲಿ ಅಷ್ಟೇ ಕೆಲಸ ಮಾಡಿತು.

ಸದ್ದು ಕೇಳಿ ಅವ್ವ ಬಂದಳು. ಬೆಳಗುತ್ತಿದ್ದ ಆರತಿ ತಟ್ಟೆ ಕೈಯಲ್ಲೇ ಇತ್ತು. ನೋಡಿದಳು. ನಡುಮನೆಯ ನೆಲದ ಮೇಲೆ ಕೂತುಬಿಟ್ಟಳು.

“ಒಸ್ಲು ರಕ್ತ ಕಾರ್ತಾ ಅದೆ ಕಣ್ಲಾ. ಬ್ಯಾಡ ಬ್ಯಾಡ ಅಂದೆ. ಕೇಳ್ದಾ ನೀನು? ಏನ್ ಮಾಡ್ಬುಟ್ಟೆ?”

“ಅವ್ವ, ಅದು ರಕ್ತ ಅಲ್ಲ...”

“ಮತ್ತೇನ್ಲಾ ಅದು?”

ಸಾಬರು ಮೆಟ್ಟಿಲಿಳಿದು ಬೀದಿಯಲ್ಲಿ ನಿಂತಿದ್ದರು. ಕೆಂಪಾದ ಎರಡೂ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದಕ್ಕೆ ಹಿಡಿದುಕೊಂಡಿದ್ದರು. “ಅಮ್ಮಾವ್ರೇ, ನಾನೇನೂ ಮಾಡ್ಲಿಲ್ಲ. ಬರೀ ಸೋಡಾ. ಮೂವತ್ತು ವರ್ಷದಿಂದ ಇದೇ ಸೋಡಾ” ಎಂದರು. ಅವ್ವ ಅವರನ್ನು ಒಮ್ಮೆ ದಿಟ್ಟಿಸಿದಳು. ಆಮೇಲೆ ತನಗೇ ನಾಚಿಕೆಯಾಯಿತೇನೋ, ಮುಖ ತಿರುಗಿಸಿ ಮೆಲ್ಲಗೆ ಹೇಳಿದಳು. “ನಿಮ್ದೇನೂ ತೆಪ್ಪಿಲ್ಲ ಬುಡಿ ಸಾಬ್ರೇ. ಒಸ್ಲೇ ಏನೋ ಹೇಳ್ತಾ ಅದೆ.”

ಆಮೇಲೆ ನನ್ನ ಕಡೆ ತಿರುಗಿದಳು. “ಅವ್ರನ್ನ ನಿಲ್ಸ್ಲಾ. ದಾರೀಲೇ, ತೆರಕಣಾಂಬೀಲೇ ನಿಲ್ಸು. ಮಗೀನ ಈ ಮನೆಗೆ ತರಬ್ಯಾಡ ಅನ್ನು. ಕುದೇರ್ಗೇ ಕರ್ಕೊಂಡ್ ಓಗ್ಲಿ.”

ನಿಲ್ಲಿಸುವುದು ಹೇಗೆ? ಮೊಬೈಲ್ ಆಗ ತಾನೇ ಬರುತ್ತಿತ್ತು, ನಮ್ಮ ಯಾರ ಜೇಬಿಗೂ ಇನ್ನೂ ಬಂದಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ, ಹೋಗಿ ಎಷ್ಟೋ ಹೊತ್ತಾಯಿತು ಎಂದರು. ಹೊರಗೆ ಬಂದು ಸಾಬರೂ ನಾನೂ ಸೇರಿ ಕೊಡಗಟ್ಟಲೆ ನೀರು ಹೊಯ್ದೆವು. ಹೊಯ್ದಷ್ಟೂ ಕೆಂಪು ಬಂತು. ನಿಜ ಹೇಳುತ್ತೇನೆ, ಆಗ ನನಗೂ ಹೆದರಿಕೆಯಾಗಿತ್ತು. ಶಾಲೆಯಲ್ಲಿ ಶಕುನ ಗಿಕುನ ಎಲ್ಲ ಸುಳ್ಳು ಎಂದು ಭಾಷಣ ಮಾಡುತ್ತಿದ್ದ ನಾನು, ಮೊದಲ ಮಗು ಬರದ ಹೊಸ್ತಿಲು ಇದು, ಎರಡನೆಯದು ಬರುವ ದಿನ ಇದರ ಮೈ ಕೆರೆದೆನಲ್ಲ, ಆ ಕೂಸಿಗೆ ಏನಾದರೂ ಆದರೆ ನಾನೇ ಹೊಣೆ ಎಂದು ಬೆವರುತ್ತ ನಿಂತಿದ್ದೆ. ಅವ್ವ ಬಾಗಿಲಿಗೆ ಅಡ್ಡವಾಗಿ ಎರಡೂ ಕೈಯಲ್ಲಿ ಬಾಗಿಲವಾಡ ಹಿಡಿದು ನಿಂತಳು. ಮಗುವನ್ನು ಒಳಗೆ ಬಿಡುವುದಿಲ್ಲ ಎಂಬುದು ಅವಳ ನಿಲುವಿನಲ್ಲೇ ಇತ್ತು.

ಕಾರು ಬೀದಿಯ ತಿರುವಿಗೆ ಬಂದು ನಿಂತಿತು. ಮುಂದಿನಿಂದ ಮಾದೇಶ ಇಳಿದ, ಹಿಂದಿನಿಂದ ಜಯಂತಿ. ಕೊನೆಗೆ ರತ್ನ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಎದೆಗೆ ಬಿಳಿ ಟವೆಲ್ಲಿನ ಗಂಟು ಅವುಚಿಕೊಂಡು. ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಸಾಬರು ಓಡಿಬಂದು, ಸೋಡಾ ಕಾಲು ಸುಡುತ್ತದೆಂದು ಮೆಟ್ಟಿಲ ಮೇಲೊಂದು ಹಲಗೆ ಹಾಸಿದರು. ಅಷ್ಟರಲ್ಲಿ ರತ್ನ ಮೆಟ್ಟಿಲ ಮೇಲಿನ ಕೆಂಪು ನೋಡಿ ನಕ್ಕಳು.

“ಅಯ್ಯೋ ಅವ್ವಾ, ಆಗ್ಲೇ ಓಕ್ಳಿ ಚೆಲ್ಬುಟ್ಟಿದ್ದೀಯಲ್ಲ! ನಮ್ಗಿಂತ ಮುಂಚೆ ಯಾರವ್ವ ಬಂದೋರು?”

ಓಕುಳಿ! ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ, ಕೆಂಪಾದ ಆ ನೀರನ್ನು ಮನೆಗೆ ಬಂದ ಮದುಮಕ್ಕಳಿಗೆ, ಬಾಣಂತಿಗೆ, ಕೂಸಿಗೆ ನಿವಾಳಿಸಿ ಬಾಗಿಲಾಚೆ ಚೆಲ್ಲುವುದನ್ನು ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೆ. ಅವ್ವ ಅದೆಷ್ಟು ನೂರು ಸಲ ತನ್ನ ಕೈಯಲ್ಲೇ ಕಲಸಿದ್ದಳು. ಇಲ್ಲಿ ಸುಣ್ಣದ ಜಾಗದಲ್ಲಿ ಸೋಡಾ ಬಂದಿತ್ತು, ಅಷ್ಟೇ. ಎಷ್ಟೋ ವರ್ಷದ ಅರಿಶಿನ, ಅದರಲ್ಲೂ ಈ ಎರಡು ವರ್ಷ ದಿನಕ್ಕೆರಡು ಸಲ ತಿಕ್ಕಿ ತಿಕ್ಕಿ ಇಳಿಸಿದ ಅರಿಶಿನ, ಮರದೊಳಗೆ ಹೋಗಿ ಅಲ್ಲೇ ಇತ್ತು. ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಆದರೆ ಅವ್ವ ಆ ಲೆಕ್ಕವನ್ನೆಲ್ಲ ಹಾಕುತ್ತಿರಲಿಲ್ಲ. ಅವಳು ರತ್ನ ಕೇಳಿದ ಪ್ರಶ್ನೆಯಲ್ಲೇ ನಿಂತಿದ್ದಳು. ತನ್ನ ಬಾಯಿಂದ ಏನು ಬಂತೆಂದು ರತ್ನನಿಗೂ ಆಗ ಹೊಳೆದಿರಬೇಕು. ನಗು ಹಾಗೇ ನಿಂತಿತು, ಟವೆಲ್ಲಿನ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವ್ವ ಒಮ್ಮೆ ಹೊಸ್ತಿಲನ್ನು, ಕೆಂಪು ಹರಿದ ಮೆಟ್ಟಿಲನ್ನು, ಅಳಿಸಿಹೋದ ರಂಗೋಲಿಯನ್ನು ನಿಧಾನವಾಗಿ ನೋಡಿದಳು. ಬಾಗಿಲವಾಡ ಹಿಡಿದಿದ್ದ ಕೈಗಳು ಕೆಳಗಿಳಿದವು.

“ಅವತ್ತು ಬರ್ಬೇಕಾಗಿದ್ದೋನು ಬಂದ ಕಣಮ್ಮಿ,” ಎಂದಳು. “ಇನ್ನ ನೀನು ಬಲ್ಗಾಲಿಟ್ಟು ಬಾ.”

ರತ್ನ ಅಲ್ಲೇ ಹಲಗೆಯ ಮೇಲೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಎರಡು ವರ್ಷದಿಂದ ಅವಳು ನಮ್ಮ ಮುಂದೆ ಹಾಗೆ ಅತ್ತಿರಲಿಲ್ಲ. ಮಾದೇಶ ಬೀದಿಯ ಕಡೆ ತಿರುಗಿ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಅವ್ವ ಒಳಗೆ ಹೋಗಿ ತಟ್ಟೆಗೆ ನೀರು ಹಾಕಿ, ಅರಿಶಿನ ಕದಡಿ, ಅಡಿಕೆಲೆ ಡಬ್ಬಿಯಿಂದ ಉಗುರಿನಲ್ಲಿ ಸುಣ್ಣ ತೆಗೆದು ಹಾಕಿದಳು. ಹಳದಿ ನೀರು ಕೆಂಪಾಯಿತು. ತಾಯಿಗೂ ಕೂಸಿಗೂ ನಿವಾಳಿಸಿ, ಹೊಸ್ತಿಲಿಂದ ಇಳಿಯುತ್ತಿದ್ದ ಕೆಂಪಿನ ಮೇಲೇ ಅದನ್ನೂ ಚೆಲ್ಲಿದಳು. ಎರಡೂ ಒಂದೇ ಆಗಿ ಹರಿದವು. ಕೂಸು ಒಂದು ಸಲ ಆಕಳಿಸಿ, ಕಣ್ಣು ಬಿಡದೆಯೇ ನಮ್ಮ ಮನೆಯೊಳಕ್ಕೆ ಬಂತು.

ಈಗ ಆ ಶೇಡ್ ಕಾರ್ಡು ಕೂತಿದ್ದ ಪಾಠದ ವಿಷಯ. ಅದು ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸೋಪಿನ ನೀರೋ ಸೋಡಾದ ನೀರೋ ಬಿದ್ದರೆ ಕೆಂಪಾಗುತ್ತದೆ, ಹುಳಿ ಬಿದ್ದರೆ ಮತ್ತೆ ಹಳದಿಯಾಗುತ್ತದೆ. ಬೇಗೂರಿನಲ್ಲಿ ವರ್ಷವರ್ಷವೂ ನಾನು ಇದನ್ನು ಮಾಡಿ ತೋರಿಸಿ, ಮಕ್ಕಳು ಬೆರಗಾಗಿ ಬಾಯಿ ಬಿಟ್ಟರೆ, ಇದರಲ್ಲಿ ಬೆರಗಾಗುವಂಥದ್ದೇನಿಲ್ಲ ಎಂದು ಗದರುತ್ತಿದ್ದೆ. ಅದಾದ ಮೇಲೆ ಗದರಿದ್ದಿಲ್ಲ. ಕಾರ್ಡನ್ನು ಆ ಪುಟದಲ್ಲಿ ನಾನೇ ಇಟ್ಟೆ. ಹೆಬ್ಬೆಟ್ಟಿನ ಗುರುತು ಈಗ ಕೆಂಪಾಗಿಲ್ಲ, ತುಕ್ಕಿನ ಬಣ್ಣಕ್ಕೆ ತಿರುಗಿದೆ.

ಬಾಗಿಲಿಗೂ ಕಂಬಕ್ಕೂ ಸಾಬರು ಮಾರನೆಯ ವಾರ ಬಂದು ನಾಲ್ಕನೇ ಚೌಕದ ಸ್ಟೇನು ಬಳಿದರು. ಚೇಟ ಹೇಳಿದ ಹಾಗೆ ಮರ ಚೆನ್ನಾಗಿ ಕುಡಿಯಿತು, ಇವತ್ತಿಗೂ ಸಿಪ್ಪೆ ಎದ್ದಿಲ್ಲ. ಹೊಸ್ತಿಲಿಗೆ ಮಾತ್ರ ಹಚ್ಚಲಿಲ್ಲ. ಆ ಬುಧವಾರ ಸಂಜೆ ಸಾಬರು ಮನೆಗೆ ಹೊರಡುವ ಮುಂಚೆ ಅವ್ವನ ಹತ್ತಿರ ಒಂದು ಹಿಡಿ ಹುಣಸೆಹಣ್ಣು ಕೇಳಿದ್ದರು. ಮರದಲ್ಲಿ ಸೋಡಾ ಹಾಗೇ ಉಳಿದರೆ ಮರ ಸುಟ್ಟು ಹೋಗುತ್ತದೆ, ಹುಣಸೆ ನೀರಲ್ಲಿ ತೊಳೆದರೆ ಸೋಡಾ ಸಾಯುತ್ತದೆ, ಈ ಕೆಂಪೂ ಹೋಗಿ ಮೊದಲಿನ ಹಳದಿ ಬರುತ್ತದೆ ಎಂದರು.

ಅವ್ವ ಹುಣಸೆಹಣ್ಣು ತಂದಳು. ಕೊಡಲು ಕೈ ಮುಂದೆ ಮಾಡಿದವಳು ಹಾಗೇ ನಿಂತಳು. ಒಳಗಿನಿಂದ ಕೂಸು ಅಳುವುದು ಕೇಳುತ್ತಿತ್ತು.

“ನಾಳೆ ತೊಳ್ದ್ರೆ ಆಗಾಕಿಲ್ವಾ ಸಾಬ್ರೇ?” ಎಂದಳು. “ಇವತ್ತೊಂದಿನ ಇರ್ಲಿ ಬುಡಿ. ಅವ್ನು ಬಂದಿರೋದೇ ಇವತ್ತು.”